ಕಲ್ಲು ಬಿಡದ ಪದ

ಗ್ರಾಮಫೋನ್ ಕಂಪನಿಯವರು ನನ್ನನ್ನು ಹೊಗಳುವಾಗ, ಮರುಳಪ್ಪನವರದು ಚಿನ್ನದ ಕಿವಿ ಎನ್ನುತ್ತಾರೆ. ಆ ಕಿವಿಯನ್ನು ಸಕಾಲಕ್ಕೆ ಹಿಂಡುವವರು ಯಾರೂ ಇರಲಿಲ್ಲ. ಅರಸೀಕೆರೆಯಲ್ಲಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂರಬೇಕಾದವನು ನಾಟಕ ಕಂಪನಿ ಸೇರಿ ಹಾರ್ಮೋನಿಯಂ ಬಾರಿಸಿದೆ, ಊರೂರು ತಿರುಗಿ ಗ್ರಾಮಫೋನ್ ಮಾರಿದೆ. ಕಡೆಗೆ ಬೆಂಗಳೂರಿನಲ್ಲಿ, ಪ್ಲೇಟಿಗೆ ಯಾರು ಹಾಡಬೇಕು, ಹಿಂದೆ ಯಾವ ವಾದ್ಯ ಇರಬೇಕು ಎಂದು ಗೊತ್ತುಮಾಡುವ ಯಜಮಾನನಾದೆ. ದಂಡು ಪ್ರದೇಶದ ಹೋಟೆಲುಗಳಲ್ಲಿ ಬಿಳಿ ದೊರೆಗಳ ಕುಣಿತಕ್ಕೆ ಜಾಜ್ ಬಾರಿಸುತ್ತಿದ್ದವರನ್ನು ಕರೆತಂದು, ದೇವರನಾಮದ ಹಿಂದೆ ಕ್ಲಾರಿನೆಟ್ ಊದಿಸಿದವನು ನಾನೇ. ಬೈದವರೂ ಪ್ಲೇಟು ಕೊಂಡರು.

ಮೂವತ್ತೇಳನೇ ಇಸವಿಯಲ್ಲಿ ನಮ್ಮೂರಿನ ಹತ್ತಿರದ ಕಣಕಟ್ಟೆಯ ನೆಂಟರ ಮನೆಗೆ ಹೋಗಿದ್ದೆ. ಬೆಳಗಿನ ಜಾವ ಪಕ್ಕದ ಮನೆಯಿಂದ ರಾಗಿ ಬೀಸುವ ಪದ ಕೇಳಿಸಿತು. ಹಾಡುತ್ತಿದ್ದವಳು ಪುಟ್ಟಲಕ್ಷ್ಮಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು. ಅಂಥ ಗಂಟಲನ್ನು ನಾನು ಆಮೇಲೂ ಕೇಳಲಿಲ್ಲ. ಹೇಗೋ ಒಪ್ಪಿಸಿ, ಆಕೆಯನ್ನೂ ಆಕೆಯ ಮಗನನ್ನೂ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದೆ. ಕಲ್ಲು ತಿರುಗಿಸದೆ ಪದ ಬರುವುದಿಲ್ಲ ಎಂದಳು. ರಾಗಿಕಲ್ಲನ್ನೂ ಗೋಣಿಯಲ್ಲಿ ಸುತ್ತಿ ರೈಲಿಗೆ ಹಾಕಿಸಿದೆ.

ಹಾಡು ಹಿಡಿಯುವ ಕೋಣೆಯಲ್ಲಿ ಕ್ಲಾರಿನೆಟ್ಟಿನವನನ್ನು ಮೇಲಿಂದ ಕೆಳಗೆ ನೋಡಿ, “ಈ ಕೊಳವೆ ಊದೋ ಅಪ್ಪಯ್ಯ ಯಾವತ್ತಾದ್ರೂ ರಾಗಿ ಬೀಸವ್ನಾ?” ಎಂದು ಕೇಳಿದಳು. ಎಲ್ಲರೂ ನಕ್ಕೆವು. ಪದ ಶುರುವಾದ ಮೇಲೆ ಯಾರೂ ನಗಲಿಲ್ಲ.

ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ನಿಮಿಷ, ಚೂರು ಹೆಚ್ಚು. ಸಮಯವಾಯಿತೆಂದು ಕೈ ಎತ್ತಿದೆ. ಆಕೆ ನಿಲ್ಲಿಸಲಿಲ್ಲ.

“ಮೆಷಿನ್ ನಿಂತೈತೆ, ಸಾಕು ಬಿಡಿ ಅವ್ವಾ” ಎಂದೆ.

“ಅದು ನಿಂತ್ರೆ ನಂಗೇನಪ್ಪ? ಕಲ್ಲು ಬಿಡೋ ಪದ ಹಾಡ್ದೆ ಏಳಬಾರ್ದು. ಕಲ್ಲಿಗೆ ಕೈಮುಗ್ದು, ಮನೇಲಿ ರಾಗಿ ತುಂಬಿರ್ಲಿ ಅಂತ ಕೇಳ್ಕಬೇಕು. ಇಲ್ದಿದ್ರೆ ಪದ ಕೇಳ್ದೋರ ಮನೇಲಿ ಕಾಳು ನಿಲ್ಲಾಕಿಲ್ಲ.”

ತನ್ನ ಮನೆ ಎನ್ನಲಿಲ್ಲ, ಕೇಳಿದವರ ಮನೆ ಎಂದಳು. ಆಗ ಅದು ನನ್ನ ಕಿವಿಗೆ ಬಿದ್ದೂ ಬೀಳದಂತಾಯಿತು. ಆಕೆಯ ಸಮಾಧಾನಕ್ಕೆ ಆ ಪದವನ್ನೂ ಇನ್ನೊಂದು ಮೇಣದ ತಟ್ಟೆಯಲ್ಲಿ ಹಿಡಿದೆವು. “ಹಿಂದಿನ ಮಗ್ಗುಲಿಗೆ ಇದನ್ನೇ ಹಾಕಿಸ್ತೀನಿ, ನಮ್ಮ ಮಠದ ಗದ್ದಿಗೆ ಆಣೆ” ಎಂದೆ. ನಂಬಿ, ಕಲ್ಲು ಕಟ್ಟಿಸಿಕೊಂಡು ಹೋದಳು.

ಒಂದು ವಾರ ಯೋಚಿಸಿದೆ. ಕಲ್ಲಿಗೆ ಕೈಮುಗಿಯುವ ಪದವನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ? ಹಿಂದಿನ ಮಗ್ಗುಲಿಗೆ ಬ್ಯಾಂಡಿನ ಕುಣಿತದ ಮಟ್ಟು ಹಾಕಿಸಿದೆ. ಆಕೆಯ ಪದವಿದ್ದ ಮೇಣವನ್ನು ಹೆರೆಸಿ, ಪದ ಅಳಿಸಿ, ಅದೇ ತಟ್ಟೆಯನ್ನು ಒಬ್ಬ ಹಾಸ್ಯನಟನ ಹಾಡಿಗೆ ಕೊಟ್ಟೆ. ಪ್ಲೇಟು ಮೈಸೂರು ಸೀಮೆಯೆಲ್ಲ ಮನೆಮಾತಾಯಿತು, ಜೊತೆಗೆ ನಾನೂ.

ಎರಡು ವರ್ಷದ ಮೇಲೆ ಅರಸೀಕೆರೆಗೆ ಬಂದಾಗ, ಸಂತೆಯ ದಿನ, ಸ್ಟೇಷನ್ ಎದುರಿನ ನಂಜಪ್ಪನ ಹೋಟೆಲಿಗೆ ಕಾಫಿಗೆ ಹೋದೆ. ನನ್ನನ್ನು ಕಂಡದ್ದೇ ನಂಜಪ್ಪ ಹೆಮ್ಮೆಯಿಂದ ಅದೇ ಪ್ಲೇಟು ಹಾಕಿದ. ಪದ ಮುಗಿಯಿತು, ಮುಳ್ಳು ಕರಕರ ಎಂದಿತು. ಅಷ್ಟರಲ್ಲಿ ಬಾಗಿಲಾಚೆಯಿಂದ ಅದೇ ಕಂಠ, ಪ್ಲೇಟು ಬಿಟ್ಟ ಕಡೆಯಿಂದಲೇ ಎತ್ತಿಕೊಂಡಿತು. ಬುಟ್ಟಿ ಕೆಳಗಿಟ್ಟು, ಕಣ್ಣು ಮುಚ್ಚಿ, ಪುಟ್ಟಲಕ್ಷ್ಮಮ್ಮ ಕಲ್ಲು ಬಿಡುವ ಪದ ಹಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಪ್ರತಿ ಸಂತೆಗೂ ಬತ್ತಾಳೆ ಕಣ್ರೀ” ಎಂದ ನಂಜಪ್ಪ. “ಪ್ಲೇಟು ಮುಗಿಯೋಗಂಟ ನಿಂತಿದ್ದು, ಹಿಂಗೆ ಏನೋ ಹಾಡ್ಕೊಂಡು ಹೋಗ್ತಾಳೆ. ಬೆಲ್ಲದ ಮಂಡಿ ಸಾವ್ಕಾರ್ರ ಮನೆ ಮುಂದೂ ಹಾಡ್ತಾಳಂತೆ, ಪ್ಲೇಟಿರೋ ಮನೆ ಎಲ್ಲಾ ಕೇಳ್ಕೊಂಡು ಹೋಗ್ತಾಳಂತೆ. ತಲೆ ಸರಿ ಇಲ್ಲ ಅಂತಾರೆ. ನಿಮಗೇನಾದ್ರೂ ಗೊತ್ತಾ?”

ಎದ್ದು ಹೋಗಿ ಆಕೆಯ ಕಾಲು ಹಿಡಿಯಬೇಕು ಎನ್ನಿಸಿತು. ಹೋಟೆಲಿನ ತುಂಬ ನನ್ನನ್ನು ಬಲ್ಲವರಿದ್ದರು.

“ಯಾರೋ, ನಾ ಕಾಣೆ” ಎಂದೆ.

ಬಾಗಿಲು ಎರಡು ಮಾರು ದೂರವಿತ್ತು. ಆಕೆಗೆ ಕೇಳಿಸಿತು, ಕಣ್ಣು ತೆರೆದಳು. ಆದರೂ ಪದವನ್ನು ನಡುವೆ ಬಿಡಲಿಲ್ಲ. ಪೂರ್ತಿ ಮುಗಿಸಿ, ಹೊಸ್ತಿಲು ಮುಟ್ಟಿ, “ನಿಮ್ಮನೇಲಿ ರಾಗಿ ತುಂಬಿರ್ಲಿ” ಎಂದು ನಂಜಪ್ಪನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ನಿಮ್ಮನೇಲೂ ಈ ಪ್ಲೇಟು ಐತಾ ಸ್ವಾಮಿ?” ಎಂದು, ಗುರುತೇ ಇಲ್ಲದವಳಂತೆ ಕೇಳಿದಳು. “ಇದ್ರೆ ಹೇಳಿ, ಅಲ್ಲಿಗೂ ಬತ್ತೀನಿ.”

ನಮ್ಮ ಮನೆಯಲ್ಲಿ ಒಂದಲ್ಲ, ಹನ್ನೆರಡು ಇದ್ದವು. ಇಲ್ಲ ಎಂದೆ.