ಅಜ್ಜಿಯನ್ನು ವಿಚಾರಿಸುವ ಸಿಸ್ಟರ್

ಆಸ್ಪತ್ರೆಯಲ್ಲಿ ರೋಗಿಗಳ ತೂಕ ನೋಡುವ ಕೋಣೆಯ ಹಿರಿಯ ಸಿಸ್ಟರ್ ಯಾರು ಬಂದರೂ ಮೊದಲು ವಿಚಾರಿಸುತ್ತಿದ್ದುದು ಅವರ ಅಜ್ಜಿಯನ್ನು. ಊಟ ಆಮೇಲೆ, ಕಾಯಿಲೆ ಆಮೇಲೆ, "ನಿಮ್ಮಜ್ಜಿ ಮೈಕಟ್ಟು ಹೇಗಿತ್ತು?" ಎಂಬುದು ಮೊದಲು. ಎಡಗಾಲನ್ನು ತುಸು ಎಳೆದು ನಡೆಯುವ, ಗುಂಡಿ ಕಿತ್ತುಹೋದ ಬಿಳಿ ಕೋಟನ್ನು ವರ್ಷಗಟ್ಟಲೆ ಪಿನ್ನಿನಲ್ಲೇ ಸಂಭಾಳಿಸಿದ ಅವರು, ಸಂಬಂಧ ಬೆಳೆಸಲು ಬಂದವರಂತೆ ಕಂಡವರ ವಂಶಾವಳಿ ಕೆದಕುವುದನ್ನು ನೋಡಿ, ಅಲ್ಲಿಗೆ ತಪಾಸಣೆಗೆ ಬರುತ್ತಿದ್ದ ಹೊಲಿಗೆಯಾಕೆಗೆ ಮೊದಮೊದಲು ನಗು ಬರುತ್ತಿತ್ತು.

ಹೊಲಿಗೆಯಾಕೆಯೂ ಅವಳ ಓರಗಿತ್ತಿಯೂ ತೂಕ ಇಳಿಸಲೆಂದು ಒಂದೇ ವಾರ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಒಂದೇ ಮನೆ, ಒಂದೇ ಒಲೆ, ಒಂದೇ ಅಳತೆಯ ಬಟ್ಟಲು. ವರ್ಷ ತುಂಬುವಷ್ಟರಲ್ಲಿ ಓರಗಿತ್ತಿ ನಲವತ್ತು ಕಿಲೋ ಇಳಿದಳು. ಇವಳದು ಹದಿನೇಳಕ್ಕೇ ನಿಂತಿತು. ಓರಗಿತ್ತಿಯ ಬಟ್ಟೆಗಳನ್ನೆಲ್ಲ ಬಿಗಿ ಮಾಡಿಕೊಟ್ಟವಳೂ ಇವಳೇ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಬಿಸ್ಕತ್ತಿನ ಡಬ್ಬವನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಏನನ್ನೂ ಕದಿಯದ ಇವಳು ಸಹ ಹೆಗಲು ಮುಟ್ಟಿಕೊಳ್ಳತೊಡಗಿದಳು. ಕೊನೆಗೆ, ಇನ್ನು ತಪಾಸಣೆಗೆ ಬರುವುದಿಲ್ಲವೆಂದು ಹೇಳಿಹೋಗಲು ಅತ್ತೆಯ ಜೊತೆ ಬಂದಳು. ಸಕ್ಕರೆಕಾಯಿಲೆಯವಳು ತಪಾಸಣೆ ಬಿಡುವುದೆಂದರೆ ಏನೆಂದು ಸಿಸ್ಟರಿಗೆ ಗೊತ್ತಿತ್ತು.

ಅವರು ಗದರಲಿಲ್ಲ. ಬೀಗ ಹಾಕಿದ ಡಬ್ಬದ ಕಥೆಯನ್ನು ಅವಳಿಂದ ಕೇಳಿ, ಹೊರಗೆ ಕೂತಿದ್ದ ಅತ್ತೆಯನ್ನು ಒಳಗೆ ಕರೆದರು.

"ಅಮ್ಮಾ, ನಿಮ್ಮ ಸೊಸೆಯರಿಬ್ಬರೂ ಒಡಹುಟ್ಟಿದವರಾ?"

"ಇಲ್ಲಮ್ಮ, ಬೇರೆ ಬೇರೆ ಮನೆಯೋರು."

"ಮತ್ತೆ ಮೈ ಯಾಕೆ ಒಂದೇ ಥರ ಇಳೀಬೇಕು? ಈಕೆ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲಾ ಇದೇ ಮೈಕಟ್ಟಂತೆ. ಆಪರೇಷನ್ ಹೊಟ್ಟೇನ ಚಿಕ್ಕದು ಮಾಡುತ್ತೆ, ಹುಟ್ಟಿನಿಂದ ಬಂದಿದ್ದನ್ನ ಅಳಿಸಲ್ಲ. ಅದರ ಪಾಲು ಎಷ್ಟು ಅಂತ ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಈಕೆ ಸಕ್ಕರೆ ಇಳಿದಿದೆ, ಮಾತ್ರೆ ಅರ್ಧ ಆಗಿದೆ. ಅದೇನು ಕಮ್ಮಿಯಾ?"

ಫೈಲನ್ನು ಮುಚ್ಚಿ ಹೇಳಿದರು: "ಹಿಂದೆ ಒಬ್ಬಳ ಫೈಲಲ್ಲಿ ನಾನೇ 'ಕದ್ದು ತಿನ್ನುತ್ತಾರೆ' ಅಂತ ಬರೆದಿದ್ದೆ. ಆಕೆ ಮತ್ತೆ ಬರಲೇ ಇಲ್ಲ. ಆಮೇಲೆ ಇದೇ ಚಿಕಿತ್ಸೆಗೆ ಆಕೆ ಅಕ್ಕ ಬಂದ್ರು, ಅಮ್ಮ ಬಂದ್ರು. ಎಲ್ಲರದ್ದೂ ಅದೇ ಕಥೆ, ಕದ್ದು ತಿನ್ನದಿದ್ರೂ ತೂಕ ಇಳೀಲಿಲ್ಲ. ಅವಳನ್ನ ಹುಡುಕಿಸಿದೆ, ಬರೋಕೆ ಒಪ್ಪಲಿಲ್ಲ."

ಮೆಟ್ಟಿಲಿಳಿಯುವಾಗ ಅತ್ತೆ ಸೊಸೆಯ ಕೈಚೀಲವನ್ನು ತಾವೇ ತೆಗೆದುಕೊಂಡರು. "ತಪ್ಪಾಯ್ತು ಕಣೇ. ಮುಂದಿನ ಸಲವೂ ನಾನೇ ಜೊತೆಗೆ ಬರ್ತೀನಿ," ಎಂದರು.

ಆರು ವರ್ಷವಾಯಿತು, ಹೊಲಿಗೆಯಾಕೆ ಒಂದು ತಪಾಸಣೆಯನ್ನೂ ತಪ್ಪಿಸಿಲ್ಲ. ಆ ಸಿಸ್ಟರನ್ನು ನೆನೆದಾಗಲೆಲ್ಲ ಅವಳಿಗೆ ಅನ್ನಿಸುವುದು ಇದೇ: ರೋಗಕ್ಕೆ ಮದ್ದು ಕೊಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ರೋಗಿಯ ಮೇಲೆ ಹೊರಿಸಿದ ಅಪವಾದವನ್ನು ಇಳಿಸುವವರು ವಿರಳ. ಆ ಸಿಸ್ಟರೇನೂ ತಪ್ಪೇ ಮಾಡದ ಪುಣ್ಯಾತ್ಮರಲ್ಲ. ತಾವು ಮಾಡಿದ ಒಂದು ತಪ್ಪನ್ನು ಮರೆಯಲೊಲ್ಲದೆ, ಆ ಒಬ್ಬಳಿಗೆ ಸಲ್ಲದೆ ಉಳಿದ ನಂಬಿಕೆಯನ್ನು ಆಮೇಲೆ ಬಂದ ನೂರು ಜನಕ್ಕೆ ಹಂಚುತ್ತಿರುವವರು.