ತಂಬಾಕು ಮುಟ್ಟದವರ ಹಲ್ಲು

ಜುಗೂಳದವರು ಹೇಳಿದ್ದಕ್ಕಿಂತ ಮೊದಲೇ ಹೆಣ್ಣು ನೋಡಲು ಬರುತ್ತೇವೆಂದಾಗ ನನ್ನ ಜೀವ ಬಾಯಿಗೆ ಬಂತು. ಮಗಳು ಸುಗಂಧಾಳ ಮುಂದಿನ ಹಲ್ಲುಗಳಿಗೆ ಮಿರಜದ ಡಾಕ್ಟರು ಹಾಕಿದ್ದು ತಾತ್ಕಾಲಿಕ ಕ್ಯಾಪು. ಕಾಯಂ ಕ್ಯಾಪು ಮುಂದಿನ ವಾರ. ಗಟ್ಟಿ ಪದಾರ್ಥ ಕಡಿಯಬಾರದೆಂದು ತಾಕೀತು ಮಾಡಿದ್ದರು. ಒಳಗಿರುವುದು ತಗ್ಗು ಬಿದ್ದ ಕಂದು ಹಲ್ಲು. ಮೇಲಿನ ಪದರವೇ ಸರಿಯಾಗಿ ಬೆಳೆದಿಲ್ಲ, ವಂಶದ್ದು. ಅವಳಪ್ಪನಿಂದ ಬಂದ ಆಸ್ತಿ!

ನನ್ನ ಗಂಡ ಶಾಂತಿನಾಥ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುವ ಮನುಷ್ಯ. ನನ್ನನ್ನು ನೋಡಲು ಬಂದಾಗ ಅವರ ಮನೆಯವರು, "ತಂಬಾಕಿನ ವ್ಯಾಪಾರ ನೋಡ್ರಿ, ತಿನ್ನೂ ಚಟ ಐತಿ" ಎಂದಿದ್ದರು. ತಂಬಾಕಿನ ಪೇಟೆಯಾದ ನಮ್ಮ ನಿಪ್ಪಾಣಿಯಲ್ಲಿ ಆ ಮಾತನ್ನು ಯಾರು ಅನುಮಾನಿಸುತ್ತಾರೆ? ನಾನೂ ನಂಬಿದೆ; ಸುಗಂಧಾಳಿಗೂ ಅಂಥವೇ ಹಲ್ಲು ಬಂದಾಗಲೇ ನಿಜ ತಿಳಿದದ್ದು. ಮುಂದೆ ಸಾಲಿಯ ಮಾಸ್ತರರೂ ಹಾಗೇ ತಿಳಿದು, ಹುರಿದ ತಂಬಾಕಿನ ಪುಡಿ, ಮಿಸರಿ, ಹಲ್ಲಿಗೆ ತಿಕ್ಕುತ್ತಾಳೆಂದು ಪುಟ್ಟ ಸುಗಂಧಾಳ ಕೈಗೆ ಬಾರಿಸಿದ್ದರು.

ಬಂದವರಲ್ಲಿ ಹುಡುಗನ ಅಜ್ಜಿ ಅಕ್ಕುತಾಯಿಯದೇ ದರ್ಬಾರು. ತಾನು ತಂದ ಶೇಂಗಾ ಚಿಕ್ಕಿ ಮುಂದೆ ಹಿಡಿದು, "ತಿನ್ನವಾ" ಎಂದಳು. ಸುಗಂಧಾ ದವಡೆಗಿಟ್ಟು ಮೆಲ್ಲಗೆ ಕಡಿದಳು. ಕ್ಯಾಪು ಕದಲಲಿಲ್ಲ.

ಮುದುಕಿ ಅಷ್ಟಕ್ಕೆ ಬಿಡಬೇಕಲ್ಲ! "ಬೀಗರ, ಬಾಯಿಗೆ ಕೈ ಯಾಕ್ರಿ?"

ಇವರು ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಗದರಿದೆ.

"ತಂಬಾಕ ತಿಂದು ಹಲ್ಲ ಕೆಟ್ಟಾವ್ರಿ" ಎಂದರು.

"ಗಂಡಸರದು ಇದ್ದದ್ದ ಬಿಡ್ರಿ" ಎಂದು ಅಕ್ಕುತಾಯಿ ನಕ್ಕಳು. ಅಬ್ಬಾ, ಪಾರಾದೆವು ಎಂದುಕೊಂಡೆ.

"ಅಪ್ಪ ತಂಬಾಕ ಮುಟ್ಟಂಗಿಲ್ರಿ ಅಜ್ಜಿ" ಎಂದಳು ಸುಗಂಧಾ. "ನನ್ನ ಹಲ್ಲೂ ಅಂಥಾವ. ಇವು ಮ್ಯಾಲ ಹಾಕಿದ ಕ್ಯಾಪ."

"ಸುಮ್ಕಿರಬೇ!" ಎಂದು ನಾನು ಕಿರುಚಿದೆ.

"ಹೆಂಗ ಸುಮ್ಕಿರ್ಲಿ ಅವ್ವಾ? ನಾಳೆ ನನ್ನ ಕೂಸಿಗೂ ಇವ ಹಲ್ಲ ಬಂದ್ರ, ಅದೂ ತಂಬಾಕ ತಿಂತೈತಿ ಅಂತ ಹೇಳ್ಲ್ಯಾ?"

ಜುಗೂಳದವರು ಚಹಾ ಮುಟ್ಟದೆ ಎದ್ದರು. ಸಂಬಂಧ ಅಲ್ಲಿಗೇ ಮುರಿಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಮಗಳೊಂದಿಗೆ ಮಾತೇ ಬಿಟ್ಟೆ. ಇವರಂತೂ ಊಟವನ್ನೇ ಬಿಟ್ಟು ಕೂತರು.

ಮುಂದಿನ ವಾರ ಮೂವರೂ ಮಿರಜಕ್ಕೆ ಹೋದೆವು. ಸುಗಂಧಾಳ ಹೆಸರು ಕೂಗಿದರೆ ಎದ್ದು ಹೋದವರು ಇವರು. ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಇಷ್ಟು ವರ್ಷ ಸಂಸಾರ ಮಾಡಿದ ನಾನು ಆ ಹಲ್ಲುಗಳನ್ನು ಪೂರ್ತಿ ನೋಡಿದ್ದು ಅಂದೇ.

ಹೊಸದಾಗಿ ಬಂದಿದ್ದ ನರ್ಸು ಇಣುಕಿ ನೋಡಿ, "ತಂಬಾಕ ಭಾಳ ತಿಂತೀರೇನ್ರಿ?" ಎಂದು ಕೇಳಿದಳು.

ಇವರ ಕೈ ಮೇಲೆದ್ದಿತು, ಮತ್ತೆ ತೊಡೆಯ ಮೇಲೆ ಇಳಿಯಿತು.

"ಇಲ್ರಿ. ಇವು ನಮ್ಮಪ್ಪ ಕೊಟ್ಟದ್ದು" ಎಂದರು. "ನನ್ನ ಮಗಳಿಗೆ ನಾನ ಕೊಟ್ಟೇನಿ."