ಹೇಳಿದವರೇ ಬಿಚ್ಚಬೇಕು

ಏಳು ಕಡಲು ದಾಟಬೇಕಿರಲಿಲ್ಲ, ಎರಡು ಬೀದಿ ದಾಟಿದರೆ ಸಾಕಿತ್ತು. ಅಲ್ಲೊಂದು ರಾಜ್ಯ. ರಾಜ್ಯವೆಂದರೆ ಉದ್ದನೆಯ ಒಂದು ಕೋಣೆ, ಗೋಡೆಗುಂಟ ಹೊಲಿಗೆ ಮೆಷಿನ್ನುಗಳು, ಮೂಲೆಯಲ್ಲಿ ಸದಾ ಉಸ್ಸೆನ್ನುವ ಇಸ್ತ್ರಿ. ಅದನ್ನು ಆಳುವವಳನ್ನು ಬೆನ್ನ ಹಿಂದೆ ಎಲ್ಲರೂ ರಾಣಿ ಎನ್ನುತ್ತಿದ್ದರು. ಹೊಲಿಗೆಮನೆ ಅವಳ ಚಿಕ್ಕಮ್ಮ ಕಟ್ಟಿ ಬೆಳೆಸಿದ್ದು. ಮಂಡಿನೋವು ಬಂದು ಚಿಕ್ಕಮ್ಮ ಮನೆ ಹಿಡಿದ ಮೇಲೆ ಅದು ಅಕ್ಕನ ಮಗಳಾದ ಇವಳ ಕೈಗೆ ಬಂದಿತ್ತು.

ರಾಣಿ ಕೆಟ್ಟವಳಲ್ಲ. ಆದರೆ ಪಟ್ಟಕ್ಕೆ ಬಂದ ಹೊಸದರಲ್ಲಿ ದೂರು ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಇವಳ ಹೊಲಿಗೆ ಸೊಟ್ಟ, ಅವಳ ದಾರ ಸಡಿಲ. ಕೊನೆಗೆ ಅಪ್ಪಣೆ ಹೊರಡಿಸಿದಳು. "ತಪ್ಪು ಯಾರು ಹೇಳ್ತಾರೋ ಅವರೇ ಬಿಚ್ಚಿ ಸರಿ ಮಾಡ್ಬೇಕು. ಬಾಯಿಗಿಂತ ಕೈ ಮುಂದಿರಲಿ."

ದೂರುಗಳು ನಿಂತೇಹೋದವು. ಕೋಣೆ ಎಷ್ಟು ಶಾಂತವಾಯಿತೆಂದರೆ, ತಾನು ಚೆನ್ನಾಗಿ ಆಳುತ್ತಿದ್ದೇನೆ ಎಂದೇ ಅವಳಿಗೆ ಅನಿಸಿತು.

ಆಗ ಬಂದಿತು ರಂಗಮಂದಿರದ ದೊಡ್ಡ ಪರದೆಯ ಕೆಲಸ. ಎರಡು ಹೋಳಿನ, ಮನೆ ಎತ್ತರದ ಕೆಂಪು ಮಖಮಲ್ ಪರದೆ. ರಂಗಮಂದಿರದ ವ್ಯವಸ್ಥಾಪಕರು ನಯವಾಗಿಯೇ ಹೇಳಿದ್ದರು. "ನೀವು ಒಪ್ಪಿದ ದಿನ ಜನ ಒಳಗೆ ಬರೋಷ್ಟರಲ್ಲಿ ಪರದೆ ಕಟ್ಟಿ ಆಗಿರ್ಬೇಕು. ಇಲ್ದಿದ್ರೆ ಇನ್ಮುಂದೆ ನಮ್ಮ ಹೊಲಿಗೆಯೆಲ್ಲ ಬೇರೆ ಕಡೆ." ಆ ಹೊಲಿಗೆ ಕೈತಪ್ಪಿದರೆ ಅರ್ಧ ಮೆಷಿನ್ನುಗಳಿಗೆ ಮುಸುಕು ಹಾಕಬೇಕು, ಅರ್ಧ ಜನರನ್ನು ಮನೆಗೆ ಕಳಿಸಬೇಕು. ರಾಣಿ ಮಾತು ಕೊಟ್ಟಿದ್ದಳು.

ಪರದೆ ಕೊಡಬೇಕಾಗಿದ್ದ, ಸಂಜೆಗೆ ನಾಟಕವಿದ್ದ ಆ ದಿನ ಮಧ್ಯಾಹ್ನ, ಹೊಲಿದು ಮುಗಿಸಿದ್ದನ್ನು ಮಡಚಲೆಂದು ಅವಳು ಕಿಟಕಿಯ ತೆರೆ ಸರಿಸಿದಳು. ಬಿಸಿಲು ಓರೆಯಾಗಿ ನೆಲದ ಮೇಲೆ ಬಿತ್ತು. ಕೆಂಪಿನ ನಡುವೆ ಒಂದು ಪಟ್ಟಿ ಒಣಗಿದ ರಕ್ತದಂತೆ ಕಪ್ಪಾಗಿತ್ತು.

ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿರುತ್ತದೆ. ಒಂದು ಕಡೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ದಿಕ್ಕು ತಿರುಗಿದರೆ ಬಣ್ಣವೂ ಕಪ್ಪಾಗಿ ಕಾಣುತ್ತದೆ. ಅವಳು ಕೈಯಾಡಿಸಿದಳು. ಆ ಪಟ್ಟಿಯನ್ನು ತಲೆಕೆಳಗಾಗಿ ಜೋಡಿಸಿದ್ದರು.

"ಮಾವ," ಎಂದಳು. ಬಟ್ಟೆ ಕತ್ತರಿಸುವ ಸೋದರಮಾವ ಕನ್ನಡಕ ಒರೆಸಿಕೊಳ್ಳತೊಡಗಿದರು. "ಇದು ಯಾವಾಗಿಂದ ಹೀಗಿದೆ?"

"ಜೋಡಿಸಿದಾಗಿಂದ."

"ನೀವು ನೋಡಿದ್ರಾ?"

"ಕಣ್ಣಿದೆಯಲ್ಲಮ್ಮ."

"ಹೇಳ್ಬಾರ್ದಿತ್ತಾ?"

"ಹೇಳಿದವರೇ ಬಿಚ್ಚಬೇಕಲ್ಲ. ಈ ಬೆರಳಲ್ಲಿ ಅಷ್ಟುದ್ದ ಬಿಚ್ಚೋಕೆ ಕೂತ್ರೆ ಮುಂದಿನ ಜನ್ಮಕ್ಕೆ ಮುಗಿಯತ್ತೆ."

ಯಾರೋ ಕಿಸಕ್ಕೆಂದು ಅಲ್ಲೇ ನುಂಗಿಕೊಂಡರು. ರಾಣಿ ತಿರುಗಿದಳು. "ಇನ್ಯಾರು ನೋಡಿದ್ರಿ?" ಎಲ್ಲರೂ ತಲೆ ತಗ್ಗಿಸಿದರು. ಇಸ್ತ್ರಿಯೊಂದೇ ಉಸ್ಸೆಂದಿತು. ಇಷ್ಟು ದಿನ ಅವಳು ಶಾಂತಿಯೆಂದು ತಿಳಿದಿದ್ದುದು ಈ ಸದ್ದಿಲ್ಲದಿರುವಿಕೆಯನ್ನೇ.

ಕಥೆಯ ರಾಣಿಯಾಗಿದ್ದರೆ ಯಾರದಾದರೂ ತಲೆ ತೆಗೆಸುತ್ತಿದ್ದಳು. ಇವಳಿಗೂ 'ಇದನ್ನು ಹೊಲಿದವರು ಯಾರು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದ್ದರೆ ಉತ್ತರ ಸಿಗುತ್ತಿತ್ತು, ಆದರೆ ಹೊಲಿದವರ ಕೈ ಇಡೀ ಸಂಜೆ ಕೆಲಸಕ್ಕೆ ಏಳುತ್ತಿರಲಿಲ್ಲ. ಅವಳು ಮಾತು ನುಂಗಿ ನೆಲದ ಮೇಲೆ ಕುಳಿತು, ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆತ್ತಿಕೊಂಡಳು.

"ನಾನು ಹೇಳ್ದೆ, ನಾನೇ ಬಿಚ್ತೀನಿ."

ಗೇಣುದ್ದ ಬಿಚ್ಚುವಷ್ಟರಲ್ಲಿ ಹಣೆ ಬೆವರಿತು. ಸೂಜಿಮಲ್ಲಿ ಎಂದು ಎಲ್ಲರೂ ಕರೆಯುವ ತೆಳ್ಳಗಿನ ಹುಡುಗಿ, ಆ ಮನೆಯಲ್ಲೇ ಚುರುಕಿನ ಕೈಯವಳು, ಬಂದು ತಲೆಯ ಮೇಲೆ ನಿಂತಳು.

"ಹೀಗೆ ಬಿಚ್ಚಿದ್ರೆ ಜನ ನಾಟಕ ನೋಡಿ ಮನೆಗೆ ಹೋಗಿ ಮಲಗಿರ್ತಾರೆ ಅಕ್ಕ."

"ಇನ್ನೇನ್ ಮಾಡ್ಲಿ? ನೀನೇ ಹೇಳು."

"ಹೇಳಿದ್ರೆ ನನ್ನ ತಲೆಗೇ ಬರತ್ತಲ್ಲ."

ರಾಣಿ ಕೊಕ್ಕೆ ಕೆಳಗಿಟ್ಟಳು. "ಆ ಕಟ್ಟಳೆ ಇಲ್ಲಿಗೆ ಮುಗೀತು. ಹಾಕಿದ್ದೇ ನನ್ನ ತಪ್ಪು. ಹೇಳೋದು ಕಂಡವರ ಕೆಲಸ, ಬಿಚ್ಚೋದು ಎಲ್ಲರ ಕೆಲಸ."

ಯಾರೂ ಅಲುಗಲಿಲ್ಲ. ಅಪ್ಪಣೆ ಹೊರಡಿಸಿದ ಬಾಯೇ ಅದನ್ನು ಹಿಂತೆಗೆದುಕೊಂಡರೆ ನಂಬುವುದು ಹೇಗೆ? ಸೂಜಿಮಲ್ಲಿ ಹಲ್ಲಿನ ನಡುವೆ ದಾರ ಕಚ್ಚಿಕೊಂಡು ಯೋಚಿಸಿದಳು. "ಹಾಗಾದ್ರೆ ಇನ್ನೊಂದಿದೆ," ಎಂದಳು. "ಕೆಳಗಿನ ಮಡಿಕೇಲಿ ಭಾರಕ್ಕೆ ಅಂತ ಸರಪಳಿ ಹಾಕಿದೀವಲ್ಲ, ಎಡಗಡೆ ಅದು ಅರ್ಧಕ್ಕೇ ನಿಂತಿದೆ. ಹಗ್ಗ ಎಳೆದ್ರೆ ಆ ಮೂಲೆ ಹಾರತ್ತೆ."

"ಅದು ನಾನು ಹೊಲಿದಿದ್ದಲ್ವಾ?"

"ಅದಕ್ಕೇ ಹೇಳಿರ್ಲಿಲ್ಲ."

ಎಲ್ಲರ ಕಣ್ಣು ರಾಣಿಯ ಮುಖದ ಮೇಲೆ. ಆ ಮುಖ ಸುಡುತ್ತಿತ್ತು. ಒಂದು ತಪ್ಪಿಗೇ ಹೊತ್ತು ಸಾಲದು, ಈಗ ಎರಡು. ಎರಡನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವೆಂದುಕೊಂಡು ಮಡಚಿ ಕಳಿಸಿಬಿಟ್ಟರೆ? ಆಸೆ ಒಮ್ಮೆ ಮಿಂಚಿ ಹೋಯಿತು.

"ಹೇಳಿದ್ದು ಒಳ್ಳೇದಾಯ್ತು," ಎಂದಳು. "ಅದನ್ನೂ ಬಿಚ್ಚೋಣ. ಹೇಗೆ ಅಂತ ನೀನು ಹೇಳು."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ವ್ಯವಸ್ಥಾಪಕರು. "ಹೊರಟ್ರಾ?"

"ಇಲ್ಲ ಸರ್. ಪರದೇಲಿ ಎರಡು ತಪ್ಪು ಸಿಕ್ಕಿದೆ, ಸರಿ ಮಾಡ್ತಿದೀವಿ. ಏಣಿಯವರನ್ನ ಅಲ್ಲೇ ಕಾಯಿಸಿ. ಜನ ಬರೋಷ್ಟರಲ್ಲಿ ಕಟ್ಟಿರ್ತೀವಿ."

"ತಪ್ಪಿದೆ ಅಂತ ಫೋನ್‌ನಲ್ಲೇ ಹೇಳ್ತೀರಲ್ರೀ."

"ಕಟ್ಟಿದ ಮೇಲೆ ನಿಮಗೇ ಕಾಣೋದಕ್ಕಿಂತ ವಾಸಿ ಅಲ್ವಾ ಸರ್?"

ಆ ಕಡೆ ಫೋನ್ ಇಟ್ಟರು.

ಸೂಜಿಮಲ್ಲಿ ಸೆರಗು ಸಿಕ್ಕಿಸಿಕೊಂಡಳು. ಎರಡು ಬದಿಗೆ ಜನ ನಿಂತು ಬಟ್ಟೆ ಎಳೆದು ಹಿಡಿಯಬೇಕು, ನಡುವಿನ ದಾರ ತಾನು ಕೊಯ್ಯುತ್ತಾ ಹೋಗಬೇಕು, ಹಿಂದೆಯೇ ಇಬ್ಬರು ಎಳೆ ಹೆಕ್ಕಬೇಕು. ಮಾವ ಪಟ್ಟಿ ತಿರುಗಿಸಿ ಮೇಲೆ ಕೆಳಗೆ ಸರಿತೂಗಿಸಬೇಕು. ಕೊನೆಗೆ ಎಡಗಡೆ ಮಡಿಕೆ ಬಿಚ್ಚಿ ಸರಪಳಿ ತುದಿಯವರೆಗೆ ಹಾಕಬೇಕು. ರಾಣಿಗೆ ಸಿಕ್ಕಿದ್ದು ತುದಿ ಹಿಡಿದು ನಿಲ್ಲುವ ಕೆಲಸ. "ಅಕ್ಕ, ಬಿಗಿ. ಇನ್ನೂ ಬಿಗಿ. ಊಟ ಮಾಡಿಲ್ವಾ?" ಅವಳು ತುಟಿ ಕಚ್ಚಿ ಬಿಗಿ ಹಿಡಿದಳು. ನಡುವೆ ಬಾಯಿ ಹಾಕಬೇಕೆಂದು ಹತ್ತು ಸಲ ಅನಿಸಿತು, ಹಾಕಲಿಲ್ಲ.

ಮೆಷಿನ್ ಶುರುವಾದ ಮೇಲೆ ಹಿಂದಿನಿಂದ ಯಾರೋ, "ನಿಲ್ಸಿ, ಆ ದಾರದ ಬಣ್ಣ ಬೇರೆ," ಎಂದರು. ಎಲ್ಲ ಕೈಗಳೂ ನಿಂತವು, ಎಲ್ಲರೂ ರಾಣಿಯತ್ತ ನೋಡಿದರು.

"ಬದಲಾಯ್ಸಿ," ಎಂದಳು ರಾಣಿ. ಆಮೇಲೆ ಯಾರೂ ಅವಳ ಮುಖ ನೋಡಿ ಮಾತಾಡಲಿಲ್ಲ. ನೇರವಾಗಿ ಹೊಲಿಗೆ ನೋಡಿಯೇ ಮಾತಾಡಿದರು, ಜಗಳವಾಡಿದರು, ಬೈದುಕೊಂಡರು.

ಪರದೆ ರಂಗಮಂದಿರ ಸೇರುವಾಗ ಹೊರಗೆ ಜನ ಗುಜುಗುಟ್ಟುತ್ತಿದ್ದರು. ಹಿಂಬಾಗಿಲಿನಿಂದ ಹೆಗಲ ಮೇಲೆ ಹೊತ್ತು ತಂದರು. ಏಣಿಯವರು ಒಂದೊಂದೇ ಕೊಕ್ಕೆಗೆ ಸಿಕ್ಕಿಸುತ್ತಾ ಹೋದರು. ಒಂದು ಕೊಕ್ಕೆ ಹಿಡಿಯಲಿಲ್ಲ. ಮತ್ತೆ ಹತ್ತಿ ಸಿಕ್ಕಿಸಿದರು. ಬಾಗಿಲಾಚೆ ಯಾರೋ ಚಪ್ಪಾಳೆ ತಟ್ಟಿ ಅವಸರ ಮಾಡಿದರು. ವ್ಯವಸ್ಥಾಪಕರು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು.

ಹಗ್ಗ ಎಳೆದರು. ಎರಡು ಹೋಳುಗಳೂ ತೂಗುತ್ತ ಬಂದು ನಡುವೆ ಕೂಡಿದವು. ಎಡಮೂಲೆ ನೆಲ ಬಿಟ್ಟೇಳಲಿಲ್ಲ. ದೀಪ ಬೆಳಗಿದಾಗ ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು.

ವ್ಯವಸ್ಥಾಪಕರು ಕಣ್ಣು ಕಿರಿದು ಮಾಡಿ ನೋಡಿದರು. "ತಪ್ಪಿದ್ದಿದ್ದು ಎಲ್ಲಿ?"

"ಹುಡುಕಿ," ಎಂದರು ಮಾವ.

ಅವರು ಇನ್ನೊಮ್ಮೆ ನೋಡಿ, ತಿರುಗಿ ಚಿಲಕ ಸರಿಸಿದರು. ಜನ ಒಳಗೆ ಬಂದರು.